ಎಡಗಡೆಯ ಹೂವು

ಆಂಡರ್ಸನ್‌ಪೇಟೆಯ ಸಲೂನಿನ ಕನ್ನಡಿಯಲ್ಲಿ ಕದಿರಪ್ಪನಿಗೆ ತನ್ನ ಮುಖ ಚೆನ್ನಾಗಿಯೇ ಕಂಡಿತು. ಅರ್ಧ ಸೋಪಿನ ನೊರೆ, ಅರ್ಧ ನುಣುಪು. ನುಣುಪಾದ ಅರ್ಧ ಆಗಲೇ ಪ್ರಧಾನನಂತಿದೆ ಅಂದುಕೊಂಡ. ಉಳಿದರ್ಧದ ಬಗ್ಗೆ ಯೋಚಿಸಲು ಹೋಗಲಿಲ್ಲ. ಮಂಡಲ ಪಂಚಾಯ್ತಿ ಅನ್ನುವುದು ಆ ವರ್ಷ ಹೊಸದಾಗಿ ಬಂದಿತ್ತು, ಮಂಡಲಕ್ಕೊಬ್ಬ ಪ್ರಧಾನ ಅಂತೆ, ಕುರ್ಚಿಯಂತೆ, ಜೀಪು ಬಂದರೂ ಬರಬಹುದಂತೆ ಎಂದು ಜನ ಇನ್ನೂ ಅಂತೆಕಂತೆಯಲ್ಲೇ ಮಾತಾಡುತ್ತಿದ್ದ ದಿನಗಳು. ಅವನ ಊರಿನಿಂದ ನಿಲ್ಲಬೇಕೆಂದಿದ್ದವರು ಇಬ್ಬರು, ಅವನೂ ರಾಮಚಂದ್ರಪ್ಪನೂ. ಇಬ್ಬರೂ ನಿಂತರೆ ವೋಟು ಒಡೆದು ಪ್ರಧಾನಗಿರಿ ಪಕ್ಕದೂರಿನವರ ಪಾಲಾಗುತ್ತದೆ ಎಂದು ಹಿರಿಯರು ಕೂತು ಮಾತಾಡಿ, ಗಂಗಮ್ಮನ ಗುಡಿಯಲ್ಲಿ ಹೂ ಕೇಳಿಬಿಡೋಣ ಎಂದು ತೀರ್ಮಾನ ಮಾಡಿದ್ದರು. ಕದಿರಪ್ಪ ಅಮ್ಮನ ಮುಂದೆ ಕೂರಬೇಕು. ಬಲಭುಜದ ಹೂ ಮೊದಲು ಬಿದ್ದರೆ ಇಡೀ ಊರು ಅವನ ಹಿಂದೆ. ಎಡಭುಜದ್ದು ಬಿದ್ದರೆ ರಾಮಚಂದ್ರಪ್ಪನ ಹಿಂದೆ. ಅದು ಇವತ್ತು ಸಾಯಂಕಾಲ, ದೀಪ ಹಚ್ಚುವ ಹೊತ್ತಿಗೆ. ಕ್ಷೌರದವನು ಕತ್ತಿಯನ್ನು ಗಂಟಲ ಹತ್ತಿರ ತಂದಾಗ ಅವನು ಉಸಿರು ಬಿಗಿಹಿಡಿದ. ಗಣಿ ಬಿಟ್ಟು ಎಷ್ಟು ಕಾಲವಾದರೂ ಈ ಅಭ್ಯಾಸ ಹೋಗಿರಲಿಲ್ಲ. ಆಳುಗಳನ್ನು ಗಣಿಯೊಳಕ್ಕೆ ಒಯ್ಯುವ ಕೇಜು ಇಳಿಯಲು ಶುರುವಾದಾಗ ಹೊಟ್ಟೆ ಮೇಲೇ ಉಳಿದು ದೇಹವೊಂದೇ ಕೆಳಗೆ ಹೋಗುವ ಆ ಕ್ಷಣದಲ್ಲಿ ಎಲ್ಲರೂ ಹೀಗೇ ಉಸಿರು ಹಿಡಿಯುತ್ತಿದ್ದರು, ಮಾತಾಡುವವರೂ ಮಾತು ನಿಲ್ಲಿಸುತ್ತಿದ್ದರು.

"ಎನ್ನಾ ಮೇಸ್ತ್ರಿ, ಎಲೆಕ್ಷನ್ನಾ?" ಎಂದಿತು ಹಿಂದಿನ ಬೆಂಚು. ಕನ್ನಡಿಯಲ್ಲಿ ಪೆರುಮಾಳ್ ಕಂಡ. ಚಾಂಪಿಯನ್ ರೀಫ್ಸಿನ ಲೈನ್ ಮನೆಯವನು, ಮೊದಲು ಇವನ ಕೈಕೆಳಗೇ ಇದ್ದವನು, ಈಗ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಮನೆಯಲ್ಲೇ ಇರುವವನು. ಮೇಸ್ತ್ರಿ ಅಂತ ಈಗ ಯಾರೂ ಕದಿರಪ್ಪನನ್ನು ಕರೆಯುತ್ತಿರಲಿಲ್ಲ. ಮರದ ಡಿಪೋ ಇಟ್ಟ ಮೇಲೆ, ಯೆಜ್ದಿ ಗಾಡಿ ತಗೊಂಡ ಮೇಲೆ ಎಲ್ಲರ ಬಾಯಲ್ಲೂ ಕದಿರಪ್ಪನೋರು. ಪೆರುಮಾಳನ ಬಾಯಲ್ಲಿ ಆ ಹಳೆಯ ಹೆಸರು ಕೇಳಿದಾಗ ಮೈಮೇಲಿನ ಒಳ್ಳೆ ಅಂಗಿಯನ್ನು ಯಾರೋ ಎಳೆದು ನೋಡಿದಂತಾಯಿತು. ನಕ್ಕು, ಹೂಂ ಅಂದ.

"ಆ ಬಚ್ಚಪ್ಪನ ಸಂಸಾರ ಎಂಗೈತೆ? ಅವನ್ ಎಂಡ್ತಿ ನಿನ್ ತಂಗಚ್ಚಿ ಅಲ್ವಾ?"

"ಚೆನ್ನಾಗವ್ಳೆ. ಎರಡು ಸೀಮೆ ಅಸು ಇಟ್ಕೊಂಡವ್ಳೆ. ಡೈರಿಗೆ ಆಲು ಆಕ್ತಾಳೆ."

"ಪಾವಂ," ಎಂದು ಪೆರುಮಾಳ್ ಕೆಮ್ಮಿದ. ಕೆಮ್ಮು ಮುಗಿಯುವವರೆಗೆ ಕ್ಷೌರದವನೂ ಕತ್ತಿ ನಿಲ್ಲಿಸಿದ. "ದಿನಾ ಕೇಜಲ್ಲಿ ನನ್ ಪಕ್ಕದಾಗೇ ನಿಲ್ತಿದ್ದ. ನನ್ ಬೆಲ್ಟ್ ಇಡ್ಕೊಂತಿದ್ದ, ಚಿಕ್ ಮಗು ಮಾದಿರಿ. ಬಿಡುಡಾ ಅಂದ್ರೂ ಬಿಡಲ್ಲ. ಒಂದಿನ ಕೇಳ್ದೆ, ಇಷ್ಟು ಭಯ ಇದ್ರೆ ಯಾಕ್ ಬಂದೆ ನೀನು ಅಂತ. ಸಾಮಿ ಓಗು ಅಂತು, ಅದಕ್ಕೇ ಬಂದೆ ಅಂದ." ಅವನು ನಕ್ಕ. "ಸಾಮಿ ಯಾವತ್ತಾದ್ರೂ ಶಾಫ್ಟ್ ಒಳಗೆ ಇಳಿದೈತಾ ಮೇಸ್ತ್ರಿ? ಅದಕ್ಕೇನ್ ತೆರಿಯುಂ, ಏನ್ ಗೊತ್ತು?"

ಆ ನಗುವಿನಲ್ಲಿ ಏನೂ ಇರಲಿಲ್ಲ. ಪೆರುಮಾಳನಿಗೆ ಏನೂ ಗೊತ್ತಿಲ್ಲ ಅನ್ನುವುದು ಕದಿರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನೊರೆ ಹಚ್ಚಿದ ಕೆನ್ನೆ ಬಿಸಿಯಾಯಿತು. ಎದ್ದು ಹೋಗುವಂತಿರಲಿಲ್ಲ, ಅರ್ಧ ಮುಖ ಬೋಳಿಸಿಕೊಂಡು ಎದ್ದು ಹೋಗುವ ಪ್ರಧಾನನನ್ನು ಯಾರು ನೋಡಿದ್ದಾರೆ? ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಗಲ್ಲ ಎತ್ತಿಕೊಂಡು, ಪೆರುಮಾಳ್ ಇನ್ನೇನು ಹೇಳುತ್ತಾನೋ ಎಂದು ಕನ್ನಡಿ ನೋಡುತ್ತ ಕೂತ. ಪೆರುಮಾಳ್ ತಮಿಳು ಪೇಪರು ಬಿಚ್ಚಿ ಓದತೊಡಗಿದ್ದ.

ಬಚ್ಚಪ್ಪ ಅಮ್ಮನನ್ನು ಕೇಳಿದ ದಿನ ಹೂ ಹಚ್ಚಿದವನು ಕದಿರಪ್ಪನೇ. ಗಂಗಮ್ಮನ ಪೂಜೆ ಎರಡು ಮನೆಗಳದ್ದು, ಒಂದು ವರ್ಷ ಇವರ ಸರದಿ, ಇನ್ನೊಂದು ವರ್ಷ ಚಿಕ್ಕಪ್ಪನ ಮನೆಯದು. ಹೊಲ, ರಾಗಿ, ಹುಣಸೆಮರ ಹಂಚಿಕೊಂಡ ಹಾಗೇ ಅಮ್ಮನನ್ನೂ ಹಂಚಿಕೊಂಡಿದ್ದರು. ಹೂ ಹಚ್ಚುವುದನ್ನು ಅಪ್ಪ ಕಲಿಸಿದ್ದು ಅವನಿಗೆ ಮೀಸೆ ಬರುವ ಮೊದಲು. ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಒತ್ತಿದರೆ ಅಂಟಿಕೊಳ್ಳುತ್ತದೆ, ನೀರು ಆರುತ್ತ ಬಂದ ಹಾಗೆ ಬಿಡುತ್ತದೆ. ತೊಟ್ಟಿನ ಹಿಂದೆ ಒಂದಿಷ್ಟು ಗಂಧ ಸವರಿದರೆ ಆ ಹೂ ಬೇಗ ಬೀಳುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಬೀಳುತ್ತದೆ. ಇಷ್ಟೇ ವಿದ್ಯೆ. ಮೋಸ ಅಲ್ವೇನಪ್ಪಾ ಎಂದು ಅವನು ಕೇಳಿದ್ದಕ್ಕೆ ಅಪ್ಪ ಸಿಟ್ಟಾಗಿರಲಿಲ್ಲ. "ಕೇಳಕ್ ಬಂದೋನು ಏನ್ ಬೇಕೂಂತ ಮನಸ್ನಾಗೆ ಆಗ್ಲೇ ತೀರ್ಮಾನ ಮಾಡ್ಕೊಂಡೇ ಬಂದಿರ್ತಾನೆ ಕಣ್ಲಾ. ಅವನ ಮಕ ನೋಡಿದ್ರೆ ಗೊತ್ತಾಯ್ತದೆ. ಅವನಿಗೆ ಬೇಕಾದ ಕಡೆ ಬೀಳಿಸ್ಬೇಕು. ನಮಗೆ ಬೇಕಾದ ಕಡೆ ಅಲ್ಲ, ತಿಳ್ಕೋ. ಧೈರ್ಯ ಅಮ್ಮಂದು, ಕೈ ನಮ್ದು, ಅಷ್ಟೇಯ." ಮದುವೆಗೆ ಹೆದರಿದವರು, ಬಾವಿ ತೋಡಿಸಲೋ ಬೇಡವೋ ಎನ್ನುವವರು, ಮುನಿಸಿಕೊಂಡ ಅಣ್ಣನ ಮನೆಗೆ ಹೋಗಲು ಒಂದು ನೆಪ ಬೇಕಾದವರು, ಎಲ್ಲರೂ ಬಂದು ಕೂತು, ತಮಗೆ ಬೇಕಾದ್ದನ್ನೇ ಅಮ್ಮನ ಕೈಯಿಂದ ಇಸಿದುಕೊಂಡು ಹಗುರಾಗಿ ಎದ್ದು ಹೋಗುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಅಪ್ಪನ ವಿದ್ಯೆ ಕೆಟ್ಟದ್ದು ಅಂತ ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಬಚ್ಚಪ್ಪನ ಮುಖದಲ್ಲಿ ಏನಿತ್ತು ಅನ್ನುವುದೂ ಅವತ್ತು ಗೊತ್ತಾಗಿತ್ತು. ಅವನು ಬಾವಿಗಿಳಿದು ಹೂಳು ತೆಗೆಯಲೂ ಹೆದರುತ್ತಿದ್ದವನು. ಗಣಿಯ ಕಂತ್ರಾಟುದಾರ ಕದಿರಪ್ಪನಿಗೆ ಹೇಳಿದ್ದ, ಹತ್ತಾಳು ಕರೆದುಕೊಂಡು ಬಾ, ಮೇಸ್ತ್ರಿ ಮಾಡುತ್ತೇನೆ, ಒಬ್ಬ ಕಮ್ಮಿಯಾದರೂ ಆ ಗ್ಯಾಂಗು ಇನ್ನೊಬ್ಬನಿಗೆ. ಊರೂರು ಅಲೆದು ಒಂಬತ್ತು ಜನ ಸಿಕ್ಕಿದ್ದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುವಾಗ, ಸಾಬರ ಅಂಗಡಿಯಲ್ಲಿ ಬನ್ನು ತಿನ್ನುವಾಗ, ಮಲಗಿದಾಗ, ಹತ್ತನೆಯವನು ಯಾರು ಅನ್ನುವುದೊಂದೇ ಚಿಂತೆ. ತಂಗಿಯ ಗಂಡ ಕಣ್ಣೆದುರಿಗೇ ಇದ್ದ, ಗಟ್ಟಿ ಆಳು, ಆದರೆ ಕೇಳಿದಾಗಲೆಲ್ಲ ಮಣ್ಣು ಕೆದಕುತ್ತ ಅಮ್ಮನ್ನ ಕೇಳಿ ನೋಡೋಣ ಬಾವಾ ಅನ್ನುತ್ತಿದ್ದ. ಬೇಡ ಅನ್ನುವ ಮಾತನ್ನು ಅಮ್ಮನ ಬಾಯಿಂದ ಹೇಳಿಸಬೇಕೆಂದಿದ್ದ ಪಾಪ. ಬಲಗಡೆಯ ಹೂ ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ಕದಿರಪ್ಪ ಎಡಗಡೆಯ ಹೂವಿಗೆ ಗಂಧ ಹಚ್ಚಿದ.

ಬಲಗಡೆಯ ಹೂ ಬಿದ್ದ ವೇಗ ಮಾತ್ರ ಅವನು ಎಣಿಸಿರಲಿಲ್ಲ. ಕೈ ತೆಗೆದು ಗಂಟೆಯನ್ನು ಮುಟ್ಟುವ ಮೊದಲೇ ಬಿದ್ದುಬಿಟ್ಟಿತ್ತು. ನೀರು ಆರಲೂ ಹೊತ್ತು ಬೇಡವೇ? ಮುಂದಿನ ಆರು ವರ್ಷ ಅವನು ಬದುಕಿದ್ದು ಈ ಒಂದು ಪ್ರಶ್ನೆಯ ನೆರಳಿನಲ್ಲಿ. ಗಂಧ ಹಚ್ಚದಿದ್ದರೂ ಅದು ಬೀಳುತ್ತಿತ್ತು. ಅಮ್ಮನಿಗೇ ಬೇಕಿತ್ತು. ಒಳಗೆ ಬಂಡೆ ಸಿಡಿದ ದಿನ, ಕೋಲಾರ ಚಿನ್ನದ ಗಣಿಯ ಜನ ಏರ್‌ಬ್ಲಾಸ್ಟ್ ಅನ್ನುವ ಆ ನಡುಕಕ್ಕೆ ಅಂಗಡಿಯ ಕಪ್ಪುಬಸಿ ಒಂದಕ್ಕೊಂದು ತಾಗಿ ಸದ್ದು ಮಾಡಿದ ಗಳಿಗೆಯಲ್ಲಿ, ಅವನು ಮೇಲೇ ಇದ್ದ. ಕಂತ್ರಾಟುದಾರನ ಜೊತೆ ಟೀ ಕುಡಿಯುತ್ತಿದ್ದ. ಮೇಸ್ತ್ರಿಗಳು ಆಗಾಗ ಮೇಲೆ ಬರಬಹುದಿತ್ತು. ಬೀದಿಯ ಹೆಂಗಸರೆಲ್ಲ ಮನೆಯಿಂದಾಚೆ ಬಂದು ನಿಂತು ಶಾಫ್ಟಿನ ಕಡೆ ನೋಡುತ್ತಿದ್ದರು. ಆಗಲೂ ಅವನಿಗೆ ಮೊದಲು ಬಂದ ಯೋಚನೆ, ಹೂ ತಾನಾಗೇ ಬಿದ್ದಿತ್ತು ಅನ್ನುವುದೇ. ಬಚ್ಚಪ್ಪ ಸತ್ತನೋ ಇದ್ದಾನೋ ಎಂದು ಇನ್ನೂ ಗೊತ್ತಿರಲಿಲ್ಲ.

ಬೇತಮಂಗಲದ ಕೆರೆ ಏರಿಯ ಮೇಲೆ ಯೆಜ್ದಿ ನಿಲ್ಲಿಸಿ ಒಂದು ಬೀಡಿ ಸೇದಿದ. ಸಿಗರೇಟಿಗೆ ಬದಲಾಯಿಸಿಕೊಂಡಿದ್ದ, ಆದರೆ ಒಬ್ಬನೇ ಇದ್ದಾಗ ಬೀಡಿಯೇ ಬೇಕು. ನೀರು ಸುಮ್ಮನಿತ್ತು. ಕೊಕ್ಕರೆಗಳು ಅವುಗಳ ಕೆಲಸದಲ್ಲಿದ್ದವು. ಅವನಿಗೆ ಪ್ರಧಾನ ಆಗಬೇಕು, ಅದರಲ್ಲಿ ಸುಳ್ಳಿಲ್ಲ. ಆಸೆ ಎಷ್ಟಿತ್ತೆಂದರೆ ಕನಸಿನಲ್ಲಿ ಪಂಚಾಯ್ತಿ ಆಫೀಸಿನ ಮೇಜಿನ ಮೇಲಿನ ಗಾಜಿಗೆ ಮೊಣಕೈ ತಗುಲಿ ತಣ್ಣಗಾಗುತ್ತಿತ್ತು. ಆದರೆ ಇವತ್ತಿನ ಹೂವಿನಿಂದ ಅವನಿಗೆ ಇನ್ನೂ ಒಂದು ಬೇಕಿತ್ತು. ಯಾರೂ ಕೈಯಾಡಿಸದೆ, ಬರೀ ನೀರಿನಲ್ಲಿ ಹಚ್ಚಿದ ಹೂ, ತಾನಾಗೇ ಬಲಗಡೆ ಬಿದ್ದರೆ, ಅಮ್ಮನಿಗೆ ಅವನ ಮೇಲೆ ಏನೂ ಇಲ್ಲ ಅಂತಾಯಿತು. ಅವತ್ತಿನದೂ ಅವಳದೇ ಅಂತಾಯಿತು. ಎಡಗಡೆ ಬಿದ್ದರೆ? ಬಿದ್ದರೆ ಬೀಳಲಿ, ಅಂದುಕೊಂಡ. ಹಾಗಂದುಕೊಳ್ಳುವ ಧೈರ್ಯ ಕೆರೆ ಏರಿಯ ಮೇಲೆ ಮಾತ್ರ ಬರುತ್ತದೆ.

ಈ ವರ್ಷದ ಪೂಜೆ ಚಿಕ್ಕಪ್ಪನ ಮಗ ಮುನಿಸ್ವಾಮಪ್ಪನದು. ಅವನು ಹಿತ್ತಲಲ್ಲಿ ಕೂತು ಬಾಯಿ ತುಂಬ ಬೇವಿನಕಡ್ಡಿ ಇಟ್ಟುಕೊಂಡಿದ್ದ. ಕದಿರಪ್ಪ ಸುತ್ತಿ ಬಳಸದೆ ಹೇಳಿದ, "ಸಾಯಂಕಾಲ ಏನೂ ಮಾಡ್ಬೇಡ. ಗಂಧ ಮುಟ್ಬೇಡ. ಎರಡೂ ಕಡೆ ಬರೀ ನೀರು."

ಮುನಿಸ್ವಾಮಪ್ಪ ಕಡ್ಡಿ ತೆಗೆದು ಉಗಿದ. "ಏನಣ್ಣಾ, ತಲೆ ಕೆಟ್ಟಿತಾ? ಎಡಗಡೆ ಬಿದ್ರೆ?"

"ಬೀಳ್ಲಿ."

"ಬೀಳ್ಲಿ ಅಂತಾನೆ! ರಾಮಚಂದ್ರಪ್ಪ ಪ್ರಧಾನ ಆದ್ರೆ ನಮ್ಮನ್ನ ಗುಡಿ ಮೆಟ್ಲು ಅತ್ತಿಸ್ತಾನಾ? ಗುಡಿ ಪಕ್ಕದ ಜಾಗದ ಮೇಲೆ ಅವನ ಕಣ್ಣು ಎಷ್ಟು ದಿನದಿಂದೈತೆ ನಿನಗ್ ಗೊತ್ತಿಲ್ವಾ?"

"ಅಮ್ಮನ ಮೇಲೆ ಆಣೆ ಇಡು. ಬರೀ ನೀರು."

"ಆಯ್ತು ಬಿಡು. ನಿನ್ ಗ್ರಾಚಾರ. ನೀರಂದ್ರೆ ನೀರು." ಆಣೆ ಮಾತ್ರ ಇಡಲಿಲ್ಲ. ಅದು ಕದಿರಪ್ಪನ ಕಿವಿಗೂ ಬಿತ್ತು, ಒತ್ತಾಯ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಆಮೇಲೆ ತನ್ನನ್ನೇ ಕೇಳಿಕೊಳ್ಳಬೇಕಾಯಿತು.

ತಂಗಿ ನರಸಮ್ಮನ ಮನೆ ದಾಟಿಯೇ ಹೋಗಬೇಕು, ದಾಟಿದರೆ ಅವಳು ಕೂಗುತ್ತಾಳೆ. ಕೂಗಿದಳು. ತಂಗಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಗಂಡ ಹೋದ ಮೇಲೆ ಆಳಿನ ಹಾಗೆ ದುಡಿದು ತೋಳು ಗಟ್ಟಿಯಾಗಿದ್ದವು, ಮಾತೂ ಜಾಸ್ತಿಯಾಗಿತ್ತು. ಕದಿರಪ್ಪನಿಗೆ ಅವಳ ಮನೆಯಲ್ಲಿ ಕೂರುವುದೆಂದರೆ ಒಂದು ಶಿಕ್ಷೆ. ಅವಳು ಯಾವತ್ತೂ ಒಂದು ಕೊಂಕು ಆಡಿದವಳಲ್ಲ. ಬಂದವನಿಗೆ ಇರುವ ಒಂದೇ ಕುರ್ಚಿ ಒರೆಸಿ ಹಾಕುತ್ತಾಳೆ, ಹಾಲಿನ ಕೆನೆಯೆಲ್ಲ ಅವನ ಲೋಟಕ್ಕೇ ಬಿಡುತ್ತಾಳೆ. ಗೋಡೆಯ ಮೇಲಿನ ಬಚ್ಚಪ್ಪ, ಮದುವೆಯ ದಿನ ತೆಗೆದ ಪಟದಲ್ಲಿ, ಕ್ಯಾಮೆರಾಗೂ ಹೆದರಿಕೊಂಡು ನೋಡುತ್ತಿರುತ್ತಾನೆ.

"ಸಂಜೆ ನಾನೂ ಬತ್ತೀನಿ ಗುಡಿ ತಾವ. ದೂರದಾಗೆ ನಿಂತ್ಕೊಂತೀನಿ," ಅಂದಳು. ಶುಭದ ಕೆಲಸಕ್ಕೆ ತಾನು ಎದುರು ಬರಬಾರದೆಂದು ಅವಳೇ ವಿಧಿಸಿಕೊಂಡ ದೂರ. "ಬಲಗಡೇನೇ ಬೀಳ್ತದೆ ನೋಡು. ಅಮ್ಮ ಸುಳ್ಳೇಳಲ್ಲ. ಆವತ್ತು ಅವರಿಗೂ ಓಗು ಅಂದ್ಲು. ಯಾಕಂದ್ಲು ಅಂತ ಎಷ್ಟೋ ದಿನ ಅವಳನ್ನ ಬೈದೆ ಕಣಣ್ಣಾ. ಆಮೇಲೆ ಸುಮ್ಕಾದೆ. ಅವರ ಅಣೇಲಿ ಅಷ್ಟೇ ಬರೆದಿತ್ತು. ಎಲ್ಲಿದ್ರೂ ಓಗ್ತಿದ್ರು, ಬಾವಿಗೆ ಬಿದ್ದಾದ್ರೂ ಓಗ್ತಿದ್ರು. ಅಂಗಂದ್ಕೊಂಡ್ ಮೇಲೆ ನಿದ್ದೆ ಬಂತು."

ಕದಿರಪ್ಪ ಹಾಲಿನ ಲೋಟ ಕೆಳಗಿಟ್ಟ. ಹೂ ಕೇಳುವ ಹಿಂದಿನ ಸಂಜೆ ಗುಡಿಯ ಹಿಂದಿನ ಬಾವಿಕಟ್ಟೆಯ ಹತ್ತಿರ ಇವಳು ಅವನ ಕೈ ಹಿಡಿದುಕೊಂಡಿದ್ದಳು. ಬಿಂದಿಗೆ ಕೆಳಗಿಟ್ಟು, ಅತ್ತಿತ್ತ ನೋಡಿ, ಎಡಗಡೇದು ಬೀಳೋ ಅಂಗೆ ಮಾಡಣ್ಣಾ, ಆ ತೂತಿನೊಳಕ್ಕೆ ಅವರು ಓಗೋದು ಬೇಡ, ನಿನ್ ಕಾಲಿಗ್ ಬೀಳ್ತೀನಿ ಎಂದಿದ್ದಳು. ಹೆಣ್ಣುಮಕ್ಕಳಿಗೆ ಹೂ ಹಚ್ಚುವ ವಿದ್ಯೆ ಹೇಳಿಕೊಡುವ ಪದ್ಧತಿ ಮನೆಯಲ್ಲಿರಲಿಲ್ಲ. ಅವಳು ಸುಮ್ಮನೆ, ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಕೇಳಿದ್ದು. ಅವನು ಕೈ ಬಿಡಿಸಿಕೊಂಡು ದೊಡ್ಡ ಮನುಷ್ಯನ ಹಾಗೆ ಗದರಿಸಿದ್ದ: "ತಿಕ್ಲು, ಅಂಗೆಲ್ಲ ಮಾತಾಡ್ಬಾರ್ದು. ಅದು ಅಮ್ಮಂದು. ನನ್ ಕೈಲೇನೈತೆ?" ಅವಳು ಕೆನ್ನೆ ಬಡಿದುಕೊಂಡು, ತಪ್ಪಾಯ್ತು ತಾಯೀ ಎಂದು ಗುಡಿಯ ಗೋಡೆಗೆ ಕೈಮುಗಿದು, ಬಿಂದಿಗೆ ಎತ್ತಿಕೊಂಡು ಹೋಗಿದ್ದಳು. ಈಗ ಅವಳೇ ಅವನಿಗೆ ಸಮಾಧಾನ ಹೇಳುತ್ತಿದ್ದಾಳೆ. ಕದಿರಪ್ಪ ಲೋಟ ಖಾಲಿ ಮಾಡಿ, ಕೆನೆ ಮೀಸೆಯಿಂದ ಒರೆಸಿಕೊಂಡು, ಬತ್ತೀನಮ್ಮಾ ಎಂದ. ಅವಳಿಗೆ ನಿದ್ದೆ ಬರುತ್ತದೆ ಅಂದಳಲ್ಲ, ಆ ಮಾತಿಗೆ ಅವನಿಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ಧನುರ್ಮಾಸದ ಚಳಿ ಸಂಜೆಗೇ ಇಳಿದಿತ್ತು. ಕೇಳುವವನು ಬಾವಿಯ ನೀರು ಹೊಯ್ದುಕೊಂಡು ಒದ್ದೆಪಂಚೆಯಲ್ಲಿ ಕೂರಬೇಕು. ಯೆಜ್ದಿ, ವಾಚು, ಇಸ್ತ್ರಿ ಅಂಗಿ ಎಲ್ಲ ಕಳಚಿಟ್ಟು, ಹೊಟ್ಟೆ ಬಿಟ್ಟುಕೊಂಡು, ಹಲ್ಲು ಕಡಿಯುತ್ತ ಗರ್ಭಗುಡಿಯ ಹೊಸ್ತಿಲ ಮುಂದೆ ಕೂತ ಕದಿರಪ್ಪನನ್ನು ಇಡೀ ಊರು ನೋಡುತ್ತಿತ್ತು. ರಾಮಚಂದ್ರಪ್ಪ ಶಾಲು ಹೊದ್ದು ಕಂಬಕ್ಕೆ ಒರಗಿದ್ದ. ಹಿರಿಯರು ಚಾಪೆಯ ಮೇಲೆ. ಹೆಂಗಸರು ಒಂದು ಪಕ್ಕ, ಅವರಿಗಿಂತ ಆಚೆ, ಬಾಗಿಲ ಹತ್ತಿರ, ನರಸಮ್ಮ. ಮುನಿಸ್ವಾಮಪ್ಪ ಅಮ್ಮನಿಗೆ ನೀರು ಹೊಯ್ದು, ಒರೆಸದೆ, ಬಾಗಿ, ತನ್ನ ಬೆನ್ನು ಎಲ್ಲರಿಗೂ ಅಡ್ಡವಾಗಿಟ್ಟು ಎರಡು ಕೆಂಪು ಕಣಗಿಲೆಯನ್ನು ಎರಡು ಭುಜಕ್ಕೆ ಒತ್ತಿದ. ಕಲ್ಲಿನ ಅಮ್ಮನಿಗೆ ಹಿತ್ತಾಳೆಯ ಕಣ್ಣು. ಚಿಕ್ಕಂದಿನಿಂದ ಆ ಕಣ್ಣುಗಳನ್ನು ಹುಣಸೆಹಣ್ಣಿನಿಂದ ಉಜ್ಜಿ ಬೆಳಗಿಸಿದವನಿಗೆ ಅವುಗಳ ಭಯ ಹೋಗಿತ್ತು. ಇವತ್ತು ಮೊದಲ ಸಲ, ಅವುಗಳ ಹಿಂದೆ ಯಾರಾದರೂ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ಇರು ತಾಯೀ, ಎಂದ ಮನಸ್ಸಿನಲ್ಲಿ. ನನ್ನದು ತಪ್ಪಿದ್ದರೆ ಎಡಗಡೆ ಹಾಕು. ಇಲ್ಲ, ಬಲಗಡೆ ಹಾಕು. ಏನಾದರೂ ಹಾಕು, ನೀನೇ ಹಾಕು.

ಹೂ ಬಿತ್ತು. ಬಲಗಡೆಯದು. ಮುನಿಸ್ವಾಮಪ್ಪ ಪಕ್ಕಕ್ಕೆ ಸರಿದು ನಿಲ್ಲುವುದಕ್ಕಿಲ್ಲ, ಟಪ್ಪೆಂದು ಪಾದದ ಮೇಲೆ ಬಿತ್ತು. ಗುಡಿಯಲ್ಲಿ ಗಂಟೆ, ಕೇಕೆ, ಹೆಂಗಸರ ನಿಟ್ಟುಸಿರು, ಯಾರೋ ಕದಿರಪ್ಪನ ಬೆನ್ನು ತಟ್ಟಿ ಪ್ರಧಾನ್ರು ಪ್ರಧಾನ್ರು ಎಂದರು. ಅವನಿಗೆ ಅಳು ಬಂತು. ಎದೆಯ ಮೇಲೆ ಆರು ವರ್ಷ ಕೂತಿದ್ದುದು ಎದ್ದು ಆಚೆ ಹೋದ ಹಾಗಾಯಿತು, ಚಳಿಯೂ ಹೋಯಿತು. ಅಮ್ಮಾ, ಅಂದ, ಬಾಯಿ ಬಿಟ್ಟೇ ಅಂದ. ಇಷ್ಟು ಬೇಗ ಕೊಟ್ಟೆಯಲ್ಲಾ. ಆವತ್ತಿನಷ್ಟೇ ಬೇಗ. ಎದ್ದು, ಹೊಸ್ತಿಲಿಗೆ ಹಣೆಮುಟ್ಟಿಸಿ, ಅವನೂ ಪೂಜೆಯ ಮನೆಯವನೇ ಆದ್ದರಿಂದ ಒಳಗೆ ಕಾಲಿಟ್ಟು, ಅಮ್ಮನ ಎಡಭುಜದಲ್ಲಿ ಇನ್ನೂ ಅಂಟಿಕೊಂಡಿದ್ದ ಹೂವನ್ನು ಕಣ್ಣಿಗೊತ್ತಿಕೊಳ್ಳಲು ಎಂದು ಕೈ ಹಾಕಿದ. ಹೂ ಬರಲಿಲ್ಲ. ಸ್ವಲ್ಪ ಎಳೆದ. ಬಂತು, ಅದರ ಹಿಂದೆ ಹಳದಿ ಗಂಧ ಕಲ್ಲಿನಿಂದ ತೊಟ್ಟಿನವರೆಗೆ ಎಳೆಯಾಗಿ ಎದ್ದು ತುಂಡಾಯಿತು.

ಮುನಿಸ್ವಾಮಪ್ಪ ಹತ್ತಿರವೇ ಇದ್ದ. ಮಂಗಳಾರತಿ ತಟ್ಟೆ ಹಿಡಿದುಕೊಂಡು, ತುಟಿ ಅಲುಗಿಸದೆ, "ನನ್ ಕೈಲೇನೈತೆ ಅಣ್ಣಾ, ಎಲ್ಲಾ ಅಮ್ಮಂದು," ಎಂದು ಕಣ್ಣು ಮಿಟುಕಿಸಿದ. ಪ್ರೀತಿಯಿಂದಲೇ ಮಿಟುಕಿಸಿದ. ತಮ್ಮನಾದವನು ಅಣ್ಣನಿಗೆ ಮಾಡಬೇಕಾದ ಉಪಕಾರ ಮಾಡಿದ ತೃಪ್ತಿ ಆ ಮುಖದಲ್ಲಿತ್ತು.

ಅಷ್ಟು ಬೇಗ ಬಿದ್ದದ್ದು ಯಾಕೆಂದು ಕದಿರಪ್ಪನಿಗೆ ಈಗ ಗೊತ್ತಾಯಿತು. ಹೂ ಹಚ್ಚುವವನಿಗೆ ಆತುರವಿದ್ದರೆ ಬೀಳಬೇಕಾದ ಹೂವನ್ನು ಸರಿಯಾಗಿ ಒತ್ತುವುದೇ ಇಲ್ಲ. ಅವನ ಕೈಯೂ ಆವತ್ತು ಒತ್ತಿರಲಿಲ್ಲ. ಎಷ್ಟು ಸರಳ. ಆರು ವರ್ಷ ಅವನು ಅಮ್ಮನ ಇಚ್ಛೆ ಎಂದುಕೊಂಡು ಕೂತಿದ್ದು ತನ್ನದೇ ಬೆರಳಿನ ಆತುರ. ಇವತ್ತು ಬೆಳಿಗ್ಗೆ ಮುನಿಸ್ವಾಮಪ್ಪನ ಕೈಯಲ್ಲಿ ಆಣೆ ಇಡಿಸಿಕೊಳ್ಳದೆ ಎದ್ದು ಬಂದದ್ದೂ ಇದಕ್ಕೇ ಇರಬೇಕು. ಅವನಿಗೆ ಬೇಕಾದ್ದು ಏನೆಂದು ಮುನಿಸ್ವಾಮಪ್ಪ ಅವನ ಮುಖ ನೋಡಿಯೇ ಕಂಡುಕೊಂಡಿದ್ದ. ಹಿತ್ತಾಳೆಯ ಕಣ್ಣುಗಳು ಬೆಳಗುತ್ತಿದ್ದವು. ಚೆನ್ನಾಗಿ ಉಜ್ಜಿದ್ದಾನೆ, ಅಂದುಕೊಂಡ.

"ಅಣ್ಣಾ," ಎಂದಳು ನರಸಮ್ಮ. ಎಲ್ಲರ ಸಂತೋಷದಲ್ಲಿ ತನ್ನ ದೂರವನ್ನು ಮರೆತು ಹೊಸ್ತಿಲಿನವರೆಗೆ ಬಂದುಬಿಟ್ಟಿದ್ದಳು. ಕಣ್ಣಲ್ಲಿ ನೀರು. "ನೋಡ್ದಾ? ನಾನೇಳ್ಲಿಲ್ವಾ? ಅಮ್ಮ ಸುಳ್ಳೇಳಲ್ಲ. ಅವರು ಮೇಲಿಂದ ನೋಡ್ತಾವ್ರೆ, ಖುಷಿ ಪಡ್ತಾರೆ."

ಈ ಮಾತನ್ನೂ ನುಂಗಿದ್ದರೆ ನಡೆದುಹೋಗುತ್ತಿತ್ತು. ಹಾರ ಬಂದಿತ್ತು, ಬಾಗಿಲಾಚೆ ತಮಟೆಯವರು ತಮಟೆ ಕಾಯಿಸುತ್ತಿದ್ದರು. ನಾಳೆ ಬಂಗಾರಪೇಟೆಗೆ ಹೋಗಿ ಅರ್ಜಿ ಹಾಕುವುದು, ಗೆಲ್ಲುವುದು, ಗಾಜಿನ ಮೇಜು. ಅವನು ಏನು ಬೇಡ ಅನ್ನುತ್ತಿದ್ದಾನೆ ಅನ್ನುವುದು ಅವನಿಗೆ ಪೂರ್ತಿ ಗೊತ್ತಿತ್ತು. ಆದರೂ ಕೈ ಆಗಲೇ ಗಂಧದ ಬಟ್ಟಲಿಗೆ ಹೋಗಿತ್ತು. ಬಿದ್ದ ಹೂವನ್ನು ಎತ್ತಿ, ತೊಟ್ಟಿಗೆ ಗಂಧ ಸವರಿ ಬಲಭುಜಕ್ಕೆ ಅಂಟಿಸಿದ. ಇನ್ನೊಂದರ ತೊಟ್ಟು ಒರೆಸಿ, ನೀರಿನಲ್ಲಿ ಅದ್ದಿ, ಎಡಭುಜಕ್ಕೆ ಸುಮ್ಮನೆ ತಾಗಿಸಿದ. ಪಕ್ಕಕ್ಕೆ ಸರಿದು, "ನೋಡ್ರಿ, ಈಗ ಎಡಗಡೇದು ಬೀಳ್ತದೆ," ಎಂದ.

ಬಿತ್ತು.

ಚಾಪೆಯ ಮೇಲಿದ್ದ ಒಬ್ಬ ಹಿರಿಯ ಎದ್ದು ನಿಂತು, "ಅಮ್ಮ ಮನಸ್ಸು ಬದಲಾಯಿಸಿದ್ಲಾ? ಏನ್ ತಪ್ಪಾಯ್ತೋ," ಎಂದು ಕೈ ಮುಗಿದ. ರಾಮಚಂದ್ರಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. ಕದಿರಪ್ಪನಿಗೆ ನಗು ಬಂತು. ಇವರಿಗೆ ಹೇಳುವುದು ಎಷ್ಟು ಕಷ್ಟ.

"ಅಮ್ಮ ಅಲ್ಲ ಮಾವಾ, ಗಂಧ. ನೋಡು," ಎಂದು ಮತ್ತೆ ಹಚ್ಚಿದ, ಈ ಸಲ ಗಂಧ ಎಡಕ್ಕೆ. ಬಲಗಡೆಯದು ಬಿತ್ತು. ಮತ್ತೆ ಬದಲಾಯಿಸಿದ. ಎಡಗಡೆಯದು ಬಿತ್ತು. ಅವನ ಕೈ ಅಪ್ಪನ ಕೈಯಷ್ಟೇ ಚುರುಕಾಗಿತ್ತು, ಒಂದೂ ತಪ್ಪಲಿಲ್ಲ. ಮುನಿಸ್ವಾಮಪ್ಪ "ಅಣ್ಣಾ, ಬೇಡ ಕಣಣ್ಣಾ, ಮನೆ ಆಳಾಗ್ತದೆ," ಎಂದು ಒದ್ದೆಪಂಚೆ ಹಿಡಿದು ಎಳೆಯುತ್ತಿದ್ದ. ಯಾರೋ ಹಾಳಾದೋನೇ ಎಂದು ಬೈದರು. ಹಿಂದಿನಿಂದ ಒಬ್ಬ ಹೆಂಗಸು, ನಮ್ಮ ಹುಡುಗಿ ಮದುವೆ ಎಂದು ಶುರುಮಾಡಿ ನಿಲ್ಲಿಸಿದಳು. ಜನರ ಮುಖದಲ್ಲಿ ಕೋಪಕ್ಕಿಂತ ಮೊದಲು ಲೆಕ್ಕಾಚಾರ ಕಂಡಿತು. ತಾವು ತಾವು ಕೇಳಿದ ಹೂಗಳನ್ನೆಲ್ಲ ಅವರು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದರು. ಇವತ್ತಿಗೆ ತಾನು ಮುಗಿದೆ ಎಂದು ಕದಿರಪ್ಪನಿಗೆ ಅನ್ನಿಸಿತು, ಬೇರೆ ಯಾರಿಗೋ ಆದದ್ದನ್ನು ಕೇಳಿದ ಹಾಗೆ. ಪ್ರಧಾನಗಿರಿ ಹೋಯಿತು, ಪೂಜೆ ಹೋಯಿತು, ಮುನಿಸ್ವಾಮಪ್ಪನ ಹೊಟ್ಟೆಪಾಡೂ ಹೋಯಿತು.

"ಬಚ್ಚಪ್ಪ ಕೇಳಿದ್ ದಿನ ಹಚ್ಚಿದೋನು ನಾನು," ಎಂದ. "ಇಂಗೇ ಹಚ್ಚಿದ್ದೆ. ನನಗೆ ಹತ್ತನೇ ಆಳು ಬೇಕಾಗಿದ್ದ."

ಜನರಿಗೆ ಹೇಳಿದ್ದು. ನರಸಮ್ಮನ ಕಡೆ ನೋಡಲು ಆಗಿರಲಿಲ್ಲ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಎದೆಗೆ ಗುದ್ದುತ್ತಾಳೆ ಎಂದು ಕಾದ. ಹಾಗೆ ಮಾಡಲಿ ಎಂದು ಆಸೆಪಟ್ಟ. ಗಂಡಸರು ಏರುದನಿಯಲ್ಲಿ ಕೂಗಾಡುತ್ತಿದ್ದರು, ಅವಳು ಮಾತ್ರ ಹೊಸ್ತಿಲಲ್ಲಿ ನಿಂತೇ ಇದ್ದಳು. ಹುಬ್ಬು ಗಂಟಿಕ್ಕಿ ಅಮ್ಮನ ಎಡಭುಜವನ್ನು ನೋಡುತ್ತಿದ್ದಳು, ಕಷ್ಟದ್ದೇನನ್ನೋ ಅರ್ಥಮಾಡಿಕೊಳ್ಳುವವಳ ಹಾಗೆ. ಅವಳು ಬಾಯಿ ತೆರೆದಾಗ ಹತ್ತಿರದವರು ಸುಮ್ಮನಾದರು.

"ಅಂಗಾದ್ರೆ ಆವತ್ತು ಎಡಗಡೇದೂ ಬೀಳಿಸ್ಬೋದಾಗಿತ್ತಾ ಅಣ್ಣಾ?"

ದನಿಯಲ್ಲಿ ಕೋಪವಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳುತ್ತಿದ್ದಳು.

"ಊಂ. ಬೀಳಿಸ್ಬೋದಾಗಿತ್ತು."

"ಎಷ್ಟು ಬೇಕಾಯ್ತದೆ ಅದಕ್ಕೆ? ಗಂಧ?"

ಕದಿರಪ್ಪ ಬಲಗೈ ಬಿಡಿಸಿ ಉಂಗುರಬೆರಳನ್ನು ಅವಳ ಮುಂದೆ ಹಿಡಿದ. ತುದಿಯಲ್ಲಿ ಸ್ವಲ್ಪ ಇತ್ತು, ಆಗಲೇ ಒಣಗತೊಡಗಿತ್ತು. ಅವಳು ದೀಪದ ಬೆಳಕಿಗೆ ಬರುವ ಹಾಗೆ ಅವನ ಬೆರಳನ್ನು ಹಿಡಿದು ತಿರುಗಿಸಿಕೊಂಡು, ಬಾಗಿ, ಸರಿಯಾಗಿ ನೋಡಿದಳು.